ಸಾಪೇಕ್ಷ ವೇಗದ ಲೆಕ್ಕ: ಕೂಡೋದೋ ಕಳೆಯೋದೋ?

ಪ್ರಶ್ನೆ: ಪರೀಕ್ಷೆಗೆ ಸಾಪೇಕ್ಷ ವೇಗ, ಅಂದರೆ ಒಂದರಿಂದ ನೋಡಿದಾಗ ಇನ್ನೊಂದು ಹೋಗುವಂತೆ ಕಾಣೋ ವೇಗ, ಓದ್ತಿದೀನಿ. ಎದುರುಬದುರಾದರೆ ವೇಗ ಕೂಡು, ಒಂದೇ ದಿಕ್ಕಾದರೆ ಕಳೆ ಅನ್ನೋದು ಬಾಯಿಪಾಠ ಆಗಿದೆ. ಆದರೂ ರೈಲಿನ ಲೆಕ್ಕ ಬಂದರೆ ಹತ್ತರಲ್ಲಿ ಆರು ತಪ್ಪು. ನೀವೆಲ್ಲ ಹೇಗೆ ಪಳಗಿದಿರಿ?

ಉತ್ತರ: ನಿಮ್ಮ ತೊಂದರೆ ವೇಗದ್ದಲ್ಲ, ದೂರದ್ದು ಅನ್ಸುತ್ತೆ. ನಾನೂ ಅಲ್ಲೇ ಎಡವುತ್ತಿದ್ದೆ. ಈಗ ಒಂದು ರೈಲನ್ನು ಮನಸ್ಸಲ್ಲೇ ನಿಲ್ಲಿಸಿಬಿಡ್ತೀನಿ. 150 ಮೀಟರ್ ಉದ್ದದ್ದು ಗಂಟೆಗೆ 54 ಕಿ.ಮೀ., 210 ಮೀಟರಿನದು 36 ಕಿ.ಮೀ., ಎದುರುಬದುರು ಬರ್ತಿವೆ ಅನ್ನಿ. ಎರಡನೆಯದನ್ನು ನಿಲ್ಲಿಸಿದರೆ ಮೊದಲನೆಯದು 90ರಲ್ಲಿ, ಅಂದರೆ ಸೆಕೆಂಡಿಗೆ 25 ಮೀಟರಿನಂತೆ ನುಗ್ಗುತ್ತೆ. ಮೂತಿಗೆ ಮೂತಿ ಸೇರಿದ ಕ್ಷಣದಿಂದ ಬಾಲಕ್ಕೆ ಬಾಲ ದಾಟೋವರೆಗೆ 360 ಮೀಟರ್, 14.4 ಸೆಕೆಂಡು. ಒಂದೇ ದಿಕ್ಕಾದರೆ ವ್ಯತ್ಯಾಸ 18, ಸೆಕೆಂಡಿಗೆ ಬರೀ 5 ಮೀಟರ್. ಅದೇ 360ಕ್ಕೆ 72 ಸೆಕೆಂಡು ಬೇಕು.

ಗುಂಡಿ ಇರೋದು ಮುಂದೆ. ಎದುರುಬದುರು ಹೋಗುವಾಗ ‘ಮೊದಲ ರೈಲಿನ ಕಿಟಕಿ ಪಕ್ಕ ಕೂತವನನ್ನು ಎರಡನೆಯದು ಎಷ್ಟು ಹೊತ್ತಲ್ಲಿ ದಾಟುತ್ತೆ’ ಅಂತ ಕೇಳ್ತಾರೆ. ಕೂತವನಿಗೆ ಎಲ್ಲಿಯ ಉದ್ದ? 210 ಮಾತ್ರ ಲೆಕ್ಕಕ್ಕೆ, 8.4 ಸೆಕೆಂಡು. ‘ಕೂತವನು’ ಅನ್ನೋ ಪದ ಕಂಡ ಕೂಡಲೇ ನಾನು ಅಡಿಗೆರೆ ಎಳೀತೀನಿ.

ಉತ್ತರ: ಗಂಟೆಗೆ ಇಷ್ಟು ಕಿ.ಮೀ. ಅನ್ನೋದನ್ನು ಸೆಕೆಂಡಿಗೆ ಇಷ್ಟು ಮೀಟರ್ ಅಂತ ಮಾಡೋಕೆ 18ಕ್ಕೆ 5, 36ಕ್ಕೆ 10, 54ಕ್ಕೆ 15, 72ಕ್ಕೆ 20. ಇದು ಮಗ್ಗಿ ಥರ ನಾಲಿಗೆ ತುದೀಲಿರಲಿ. ಮೊದಲು ಕೂಡಿ ಇಲ್ಲವೇ ಕಳೆದು, ಆಮೇಲೆ 5/18ರಿಂದ ಗುಣಿಸಿ. ಒಮ್ಮೆ 50, 40 ಅಂತ ಕೊಟ್ಟಿದ್ದರು. ನಾನು ಒಂದೊಂದನ್ನೇ ಮೀಟರಿಗೆ ತರಲು ಹೋಗಿ ದಶಾಂಶದಲ್ಲಿ ಮುಳುಗಿದೆ. ಕೂಡಿದ್ದರೆ 90, ನೇರ 25 ಸಿಗ್ತಿತ್ತು.

ಉತ್ತರ: ಕಳ್ಳ-ಪೊಲೀಸ್ ಲೆಕ್ಕದಲ್ಲಿ ಅಟ್ಟಿಸಿಕೊಂಡು ಹೋಗೋನು ಹೊರಟಾಗ ನಡುವೆ ಎಷ್ಟು ಅಂತರ ಇದೆ, ಅದನ್ನೇ ಮೊದಲು ಹುಡುಕಿ. ಕಳ್ಳ 8ಕ್ಕೆ 40 ಕಿ.ಮೀ. ವೇಗದಲ್ಲಿ ಹೊರಟ, ಪೊಲೀಸ್ 9:30ಕ್ಕೆ 60ರಲ್ಲಿ. ಅಷ್ಟರಲ್ಲಿ ಅಂತರ 60 ಕಿ.ಮೀ., ಗಂಟೆಗೆ 20 ಕರಗುತ್ತೆ, 3 ಗಂಟೆ. ನಾನು ಆ 3ನ್ನು 8ಕ್ಕೆ ಕೂಡಿ 11 ಅಂತ ಬರೆದು ಬಂದವನು. ಉತ್ತರ 12:30. ತಾಳೆ ನೋಡಿ, ಇಬ್ಬರೂ 180 ಕಿ.ಮೀ. ಹೋಗಿರ್ತಾರೆ.

ಉತ್ತರ: ದೋಣಿ ಲೆಕ್ಕಾನೂ ಇದೇ ಮನೆಯದು. ನಿಂತ ನೀರಲ್ಲಿ 10 ಮತ್ತು 8ರ ವೇಗದ ಎರಡು ದೋಣಿ, ಹರಿವು 3. ಎದುರುಬದುರು ಬಂದರೆ ಒಂದಕ್ಕೆ 13, ಇನ್ನೊಂದಕ್ಕೆ 5, ಒಟ್ಟು 18. ಹರಿವು ಇಲ್ಲದಿದ್ದರೂ ಅದೇ 18! ಎರಡನ್ನೂ ನೀರು ಒಟ್ಟಿಗೇ ಹೊತ್ತೊಯ್ಯುತ್ತೆ, ಹಾಗಾಗಿ ಅವು ಭೇಟಿಯಾಗೋ ಸಮಯಕ್ಕೆ ಹರಿವಿನ ಗೊಡವೆಯೇ ಬೇಡ. ಭೇಟಿಯಾಗೋ ಜಾಗ ಕೇಳಿದರೆ ಮಾತ್ರ ಬೇಕು.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ‘ಒಂದನ್ನು ನಿಲ್ಲಿಸಿ’ ಅನ್ನೋದನ್ನು ಗಡಿಯಾರದ ಮುಳ್ಳಿಗೂ ಹಾಕಿ ನೋಡಿದೆ. ದೊಡ್ಡ ಮುಳ್ಳು ನಿಮಿಷಕ್ಕೆ 6 ಡಿಗ್ರಿ, ಚಿಕ್ಕದು ಅರ್ಧ. ಮೂರು ಗಂಟೆಗೆ ಅಂತರ 90. ಅದನ್ನು 5.5ರಿಂದ ಭಾಗಿಸಿದರೆ 16 ನಿಮಿಷ ದಾಟಿ ಇನ್ನೂ 4/11. ಇಷ್ಟು ದಿನ ಮೂರೂ ಕಾಲಿಗೇ ಎರಡೂ ಕೂಡ್ತವೆ ಅಂದ್ಕೊಂಡಿದ್ದೆ. ಅಷ್ಟರಲ್ಲಿ ಚಿಕ್ಕ ಮುಳ್ಳು ಏಳೂವರೆ ಡಿಗ್ರಿ ಸರಿದಿರುತ್ತೆ.