ಐಸ್ ಸ್ಕೇಟಿಂಗ್‌ಗೆ ಸೈಕಲ್ ಹೆಲ್ಮೆಟ್ ಸಾಕಾ?

ಪ್ರಶ್ನೆ: ಮಗಳು ಐಸ್ ಸ್ಕೇಟಿಂಗ್ ಕಲಿಯೋಕೆ ಸೇರಿದ್ದಾಳೆ. ಸೈಕಲ್ ಹೆಲ್ಮೆಟ್ ಇದೆ, ಸುಮ್ನೆ ಇನ್ನೊಂದು ಯಾಕೆ ಅಂತ ಯೋಚನೆ. ನಡೆಯುತ್ತಾ?

ಉತ್ತರ 1: ಬರಿದಲೆಗಿಂತ ವಾಸಿ, ಅಷ್ಟೇ. ಐಸ್ ಮೇಲೆ ಕಾಲು ಮುಂದಕ್ಕೆ ಜಾರಿ ಅಂಗಾತ ಬಿದ್ದರೆ ಪೆಟ್ಟು ಹಿಂದಲೆಗೇ, ಸೈಕಲ್ ಹೆಲ್ಮೆಟ್ ಸಾಮಾನ್ಯವಾಗಿ ಅಷ್ಟು ಕೆಳಗಿನವರೆಗೆ ಬರುವುದಿಲ್ಲ. ಒಳಗಿನ ಥರ್ಮೋಕೋಲ್ ಥರದ ಫೋಮ್ ಒಂದು ಜೋರು ಪೆಟ್ಟಿಗೇ ಅಪ್ಪಚ್ಚಿ, ಆಮೇಲೆ ಎಸೆಯಬೇಕು. ಕಲಿಯುವವರು ಬೀಳ್ತಾನೇ ಇರುತ್ತಾರೆ, ಅಲ್ವಾ? ಪದೇ ಪದೇ ಬೀಳುವ ಪೆಟ್ಟು ತಡೆಯುವುದಕ್ಕೇ ಮಾಡಿದ ಐಸ್ ಹಾಕಿ ಆಟದ ಹೆಲ್ಮೆಟ್ ತಗೊಳ್ಳಿ.

ಉತ್ತರ 2: ಬೆಳೆಯೋ ಮಗು ಅಂತ ದೊಡ್ಡ ಸೈಜ್ ಬೇಡ. ಪಟ್ಟಿ ಹಾಕದೆ ತಲೆ ಅಲ್ಲಾಡಿಸಿದರೆ ಹೆಲ್ಮೆಟ್ ತಲೆ ಜೊತೆಗೇ ತಿರುಗಬೇಕು.

ಪ್ರಶ್ನೆ ಕೇಳಿದವರು: ಮುಖಕ್ಕೆ ಜಾಲರಿ ಬೇಕಾ?

ಉತ್ತರ 1: ಕಡ್ಡಾಯವಲ್ಲ. ಮುಗ್ಗರಿಸಿದಾಗ ಹಲ್ಲು ಉಳಿಸುತ್ತದೆ, ನಾನಂತೂ ಹಾಕಿಸುತ್ತೇನೆ.