ವೀಡ್ ಕಟ್ಟರ್ ಪ್ಲಗ್ ಪದೇ ಪದೇ ಕಪ್ಪಾಗುತ್ತಿದೆ, ಕಾಯಿಲ್ ಬದಲಿಸಬೇಕಾ?

ಪ್ರಶ್ನೆ: ಅಡಿಕೆ ತೋಟದ ಟೂ ಸ್ಟ್ರೋಕ್ ವೀಡ್ ಕಟ್ಟರ್. ಎಷ್ಟು ಹಗ್ಗ ಎಳೆದರೂ ಸ್ಟಾರ್ಟ್ ಆಗುತ್ತಿಲ್ಲ. ಪ್ಲಗ್ ಬಿಚ್ಚಿದರೆ ಕಪ್ಪು, ಒದ್ದೆ. ಹೊಸದು ಹಾಕಿದರೆ ಎರಡು ದಿನ ಚೆನ್ನಾಗಿ ಓಡಿ ಮತ್ತೆ ಅದೇ ಪಾಡು. ಪೆಟ್ರೋಲಿಗೆ ಆಯಿಲ್ ಮುಚ್ಚಳದ ಅಂದಾಜಿನಲ್ಲಿ ಹಾಕುತ್ತೇವೆ. ಕಾಯಿಲ್ ಹೋಗಿದೆಯಾ ಸರ್?

ಉತ್ತರ: ಕಾಯಿಲಿಗೆ, ಅಂದರೆ ಪ್ಲಗ್ಗಿಗೆ ಕಿಡಿಯ ಕರೆಂಟ್ ಕೊಡುವ ಭಾಗಕ್ಕೆ, ಈಗಲೇ ದುಡ್ಡು ಸುರಿಯಬೇಡಿ. ಹೊಸ ಪ್ಲಗ್ಗಿನಲ್ಲಿ ಎರಡು ದಿನ ಓಡುತ್ತದೆ ಅಂದರೆ ಕಿಡಿ ಬರುತ್ತಿದೆ, ಪ್ಲಗ್ಗನ್ನು ಕೆಡಿಸುತ್ತಿರುವುದು ಬೇರೆ ಏನೋ.

ಆ ಕಪ್ಪನ್ನು ಬೆರಳಲ್ಲಿ ಉಜ್ಜಿ ನೋಡಿ. ಒಲೆಮಸಿಯ ಹಾಗೆ ಒಣಗಿದ್ದರೆ ಎಂಜಿನ್ನಿಗೆ ಗಾಳಿ ಸಾಲುತ್ತಿಲ್ಲ: ಏರ್ ಫಿಲ್ಟರ್ ಕಟ್ಟಿದೆ, ಇಲ್ಲವೇ ಚೋಕ್ (ಸ್ಟಾರ್ಟ್ ಮಾಡುವಾಗ ಗಾಳಿ ತಡೆಯುವ ಬಾಗಿಲು) ಪೂರ್ತಿ ತೆರೆಯುತ್ತಿಲ್ಲ. ಜಿಡ್ಡಾಗಿ ಜಾರಿದರೆ ಆಯಿಲ್ ಜಾಸ್ತಿ. ಬರೀ ಪೆಟ್ರೋಲಿನ ಒದ್ದೆಯಾದರೆ ಚೋಕ್ ಹಾಕಿಟ್ಟೇ ಎಳೆದೂ ಎಳೆದೂ ಒಳಗೆ ಪೆಟ್ರೋಲ್ ತುಂಬಿದೆ. ಚೆನ್ನಾಗಿ ಉರಿಯುವ ಪ್ಲಗ್ಗಿನ ತುದಿ ತಿಳಿ ಕಂದು ಬಣ್ಣ.

ನಿಮ್ಮಲ್ಲಿ ಮೊದಲ ಅನುಮಾನ ಮುಚ್ಚಳದ ಅಳತೆ ಮೇಲೆ. ಮೆಷಿನ್ ಪುಸ್ತಕದಲ್ಲಿ 25:1 ಎಂದಿದ್ದರೆ ಲೀಟರ್ ಪೆಟ್ರೋಲಿಗೆ 40 ಎಂ.ಎಲ್. ಆಯಿಲ್, 50:1 ಎಂದಿದ್ದರೆ 20 ಎಂ.ಎಲ್. ಅಳೆಯಲು ಮೆಡಿಕಲ್ ಶಾಪಿನ ಸಿರಿಂಜ್ ಸಾಕು. ಹಾಗಂತ ಪುಸ್ತಕದ ಅಳತೆಗಿಂತ ಕಡಿಮೆ ಹಾಕಿದರೆ ಪಿಸ್ಟನ್ ಜಾಮ್ ಆಗುತ್ತದೆ, ಅದರ ಖರ್ಚು ನೂರು ಪ್ಲಗ್ಗಿಗಿಂತ ಹೆಚ್ಚು. ಸ್ಪಂಜಿನ ಫಿಲ್ಟರನ್ನು ಸೋಪುನೀರಲ್ಲಿ ಹಿಂಡಿ, ಪೂರ್ತಿ ಒಣಗಿಸಿ ಹಾಕಿ.

ಪ್ಲಗ್ಗನ್ನು ಪೆಟ್ರೋಲ್, ಹಳೇ ಟೂತ್‌ಬ್ರಷ್‌ನಿಂದ ತೊಳೆಯಿರಿ. ಮರಳುಕಾಗದ ಬೇಡ, ಅದರ ಕಣ ಸಿಲಿಂಡರಿಗೆ ಬಿದ್ದು ಗೀರುತ್ತದೆ. ಕಿಡಿ ಹಾರುವ ತುದಿಯ ಗ್ಯಾಪ್ ಸಾಮಾನ್ಯವಾಗಿ 0.6ರಿಂದ 0.7 ಮಿ.ಮೀ. ಕೂರಿಸುವಾಗ ಮೊದಲ ಸುತ್ತುಗಳೆಲ್ಲ ಕೈಯಲ್ಲೇ. ವಾಷರ್ ಇರುವ ಹೊಸ ಪ್ಲಗ್ ಆದರೆ ಆಮೇಲೆ ಸ್ಪ್ಯಾನರಿನಲ್ಲಿ ಅರ್ಧ ಸುತ್ತು, ಹಳೆಯದಕ್ಕೆ ಬರೀ ಅರೆಕಾಲು ಸುತ್ತು. ಜೋರಾಗಿ ಬಿಗಿದರೆ ಅಲ್ಯೂಮಿನಿಯಂ ತ್ರೆಡ್ ಕಿತ್ತು ಬರುತ್ತದೆ.

ಇನ್ನೊಬ್ಬರ ಪ್ರಶ್ನೆ: ನಮ್ಮದು ಬೆಳಿಗ್ಗೆ ಒಂದೇ ಎಳೆತಕ್ಕೆ ಸ್ಟಾರ್ಟ್. ಬಿಸಿಯಾಗಿ ನಿಂತರೆ ಅರ್ಧ ಗಂಟೆ ಜಪ್ಪಯ್ಯ ಅನ್ನುವುದಿಲ್ಲ. ಇದೂ ಪ್ಲಗ್ಗಾ?

ಉತ್ತರ: ಇಲ್ಲಿ ಕಾಯಿಲ್ ಇರಬಹುದು, ಆದರೆ ನಿಂತ ಆ ಕ್ಷಣದಲ್ಲೇ ನೋಡಬೇಕು. ಮೊದಲು ಟ್ಯಾಂಕಿನ ಮುಚ್ಚಳ ಸಡಿಲಿಸಿ. ಸುಸ್ ಎಂದು ಗಾಳಿ ಒಳಗೆಳೆದು, ಆಮೇಲೆ ಸ್ಟಾರ್ಟ್ ಆದರೆ ಮುಚ್ಚಳದ ಗಾಳಿತೂತು ಕಟ್ಟಿದೆ, ಅಷ್ಟೇ. ಆಗದಿದ್ದರೆ ಮುಚ್ಚಳ ಬಿಗಿದು, ಪ್ಲಗ್ ಬಿಚ್ಚಿ ಅದರ ವೈರಿನ ಕ್ಯಾಪಿಗೆ ಸಿಕ್ಕಿಸಿ, ಅದರ ಲೋಹದ ಮೈಯನ್ನು ಎಂಜಿನ್ನಿಗೆ ಒತ್ತಿಹಿಡಿದು, ಸ್ವಿಚ್ ಆನ್ ಮಾಡಿ ಹಗ್ಗ ಎಳೆಯಿರಿ. ಪ್ಲಗ್ ತೂತಿನಿಂದ ದೂರ ಹಿಡಿಯಿರಿ, ಅಲ್ಲಿಂದ ಬರುವ ಪೆಟ್ರೋಲ್ ಆವಿಗೆ ಬೆಂಕಿ ಹತ್ತುತ್ತದೆ. ನೀಲಿ ಕಿಡಿ ಚಟ್ ಎಂದರೆ ಸರಿ. ಕಿಡಿಯೇ ಇಲ್ಲವಾದರೆ ಆಫ್ ಸ್ವಿಚ್ಚಿನ ವೈರ್ ಕಳಚಿ ಮತ್ತೊಮ್ಮೆ ನೋಡಿ. ಈಗ ಬಂತೇ? ಹಾಗಾದರೆ ಆ ವೈರಿನ ಸಿಪ್ಪೆ ಸವೆದು ಎಲ್ಲೋ ಎಂಜಿನ್ನಿನ ಮೈಗೆ ತಾಗುತ್ತಿದೆ. ಆಗಲೂ ಬರದೆ, ತಣ್ಣಗಾದ ಮೇಲೆ ಬಂದರೆ ಕಾಯಿಲ್ ಬದಲಿಸಿ.