ತುಮಕೂರಲ್ಲಿ ಲೇಬರ್, ಬಿಸಿನೆಸ್ ಕೇಸ್ ನೋಡೋ ನಂಬಿಕಸ್ಥ ವಕೀಲರು ಬೇಕು, ಸಹಾಯ ಮಾಡಿ

ಎಲ್ರಿಗೂ ನಮಸ್ಕಾರ. ನಾನು ತುಮಕೂರಲ್ಲಿ ಜಿಎಸ್‌ಟಿ, ಪಿಎಫ್ ಕೆಲ್ಸ ಮಾಡ್ಕೊಡ್ತೀನಿ. ವಸಂತನರಸಾಪುರ, ಅಂತರಸನಹಳ್ಳಿ ಇಂಡಸ್ಟ್ರಿಯಲ್ ಏರಿಯಾ ಕಡೆಯಿಂದ ಬರೋರು ಲೆಕ್ಕದ ಜೊತೆ ಜಗಳನೂ ತರ್ತಾರೆ, ನಾನು ವಕೀಲ ಅಲ್ಲ, ಸರಿಯಾದ ಕಡೆ ಕಳಿಸ್ಬೇಕು ಅಷ್ಟೆ.

ಮೊನ್ನೆ ಒಬ್ರು ಬಂದಿದ್ರು, ಫ್ಯಾಕ್ಟರಿಲಿ 8 ವರ್ಷ ದುಡಿದು ರಾಜೀನಾಮೆ ಕೊಟ್ಟಿದಾರೆ. ಕೈಲೊಂದು ಪ್ಲಾಸ್ಟಿಕ್ ಕವರು, ಅದ್ರಲ್ಲಿ ಮಾಸಿಹೋದ ಸಂಬಳದ ಚೀಟಿ, ಪಿಎಫ್ ಪಾಸ್‌ಬುಕ್ ಪ್ರಿಂಟು, ಅಪಾಯಿಂಟ್‌ಮೆಂಟ್ ಲೆಟರೇ ಇಲ್ಲ. ನೀನೇ ಬಿಟ್ಟೋಗಿದೀಯ ಗ್ರಾಚ್ಯುಟಿ (ವರ್ಷಗಟ್ಲೆ ದುಡಿದಿದ್ದಕ್ಕೆ ಕೆಲ್ಸ ಬಿಡುವಾಗ ಓನರ್ರು ಕೊಡೋ ದುಡ್ಡು) ಬರಲ್ಲ ಅಂದ್ರಂತೆ ಓನರ್ರು. ಕೇಳಿ ಹೊಟ್ಟೆ ಉರೀತು, 5 ವರ್ಷ ಸತತ ದುಡಿದ್ಮೇಲೆ ತಾನೇ ಬಿಟ್ರೂ ಗ್ರಾಚ್ಯುಟಿ ಹಕ್ಕು ಇದೆ ಕಣ್ರೀ, 30 ದಿನದೊಳಗೆ ಕೊಡ್ಬೇಕು.

ಇನ್ನೊಬ್ರದು ಸಣ್ಣ ಮಷಿನ್ ಶಾಪು, ಮಾಲು ತಗೊಂಡೋರು ಕೊಟ್ಟ ಚೆಕ್ ಬೌನ್ಸ್ ಆಗಿದೆ. ಬ್ಯಾಂಕಿಂದ ವಾಪಸ್ ಬಂದಿದ್ದು ಗೊತ್ತಾದ 30 ದಿನದೊಳಗೆ ಚೆಕ್ ಕೊಟ್ಟೋರಿಗೆ ನೋಟಿಸ್ ಹೋಗ್ಬೇಕು, ಇದು ಅರ್ಜೆಂಟು.

ಎರಡೂ ಥರದ ಕೇಸ್ ನೋಡೋ ಆಫೀಸ್ ಇದ್ರೆ ಒಳ್ಳೇದು, ಆದ್ರೆ ಬರೀ ಮ್ಯಾನೇಜ್‌ಮೆಂಟ್ ಪರ ನಿಲ್ಲೋರು ಬೇಡ, ಕೆಲಸಗಾರರನ್ನೂ ಕೂರಿಸಿ ಕನ್ನಡದಲ್ಲಿ ಬಿಡಿಸಿ ಹೇಳ್ಬೇಕು, ಫೀಸು ಎಷ್ಟು ಅಂತ ಮೊದ್ಲೇ ತಿಳಿಸ್ಬೇಕು. ಕೇಸ್ ಕಳ್ಸಿದ್ದಕ್ಕೆ ನಂಗೆ ಕಮಿಷನ್ ಬೇಡ, ವಕೀಲರು ಹಾಗೆ ಕೊಡೋ ಹಾಗೂ ಇಲ್ಲ.

ನೀವೇ ಕೇಸ್ ಕೊಟ್ಟು ನೋಡಿರೋರ ಹೆಸ್ರು ಇದ್ರೆ ಇನ್‌ಬಾಕ್ಸ್‌ಗೆ ಹಾಕಿ. ಗ್ರಾಚ್ಯುಟಿಗೆ ಲೇಬರ್ ಆಫೀಸಲ್ಲಿ ಅರ್ಜಿ ಹಾಕಿರೋರು ಯಾರಾದ್ರೂ ಇದ್ರೆ ಏನೇನು ದಾಖಲೆ ಕೇಳಿದ್ರು ಅಂತನೂ ಹೇಳಿ.